ಹೂವಿನಮ್ಮನ ಒಂದು ಮಾತು ಮಾತ್ರೆಗೆ ಸಮವೇ? ಅಪರಿಚಿತರಿಂದ ಸಿಗುವ ಸಣ್ಣ ಖುಷಿಯ ಹಿಂದಿನ ವಿಜ್ಞಾನ

ಇಬ್ಬನಿ ಬಿದ್ದ ಗುಲಾಬಿ, ಪಕ್ಕದಲ್ಲಿ ಹಬೆಯಾಡುವ ಕಾಫಿ ಲೋಟ, ಮೇಲೆ 'ಶುಭೋದಯ'. ಆ ಚಿತ್ರದ ಕೆಳಗೆ ಟೈಪ್ ಮಾಡಿದ ಈ ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು: "ದಿನಕ್ಕೆ ಐದು ಜನ ಅಪರಿಚಿತರನ್ನು ನೋಡಿ ನಕ್ಕರೆ ಮೆದುಳಿನಲ್ಲಿ ಡೋಪಮೈನ್ ಉಕ್ಕುತ್ತದೆ. ಮುಖ ಗಂಟಿಕ್ಕಲು 43 ಸ್ನಾಯು ಬೇಕು, ನಗಲು 17 ಸಾಕು. ಒಂಟಿತನ ದಿನಕ್ಕೆ 15 ಸಿಗರೇಟ್ ಸೇದಿದಷ್ಟು ಅಪಾಯ. ಮನಸ್ಸಿನ ಕಾಯಿಲೆಗೆ ಮಾತ್ರೆ ಬೇಡ, ಮನೆಯಿಂದ ಹೊರಗೆ ಬಂದು ಜನರನ್ನು ನೋಡಿ. ಹತ್ತು ಜನಕ್ಕೆ ಕಳಿಸಿ."

ನಮಗೆ ಇದು ಬಂದದ್ದು ದೊಡ್ಡಮ್ಮನಿಂದ. ಮೈಸೂರಿನ ಸರಸ್ವತಿಪುರಂನಲ್ಲಿ ಒಬ್ಬರೇ ಇದ್ದಾರೆ. ದೊಡ್ಡಪ್ಪ ತೀರಿಕೊಂಡ ಮೇಲೆ ನಿದ್ದೆ ಬಾರದೆ, ಊಟ ಸೇರದೆ, ಕಡೆಗೆ ಡಾಕ್ಟರಿಗೆ ತೋರಿಸಿದಾಗ ಖಿನ್ನತೆ ಎಂದು ಮಾತ್ರೆ ಬರೆದುಕೊಟ್ಟಿದ್ದರು. ಮೂರು ತಿಂಗಳು ಸರಿಯಾಗಿ ತೆಗೆದುಕೊಂಡರು. ಆಮೇಲೆ ಒಂದು ದಿನ ಬೆಳಗ್ಗೆ ಈ ಫಾರ್ವರ್ಡ್ ಬಂತು, ಹಿಂದೆಯೇ ಫೋನು. "ಪುಟ್ಟಾ, ನೀನು ಇಂಥದ್ದೆಲ್ಲಾ ನಿಜಾನಾ ಸುಳ್ಳಾ ಅಂತ ನೋಡ್ತೀಯಲ್ಲ. ಇದು ನಿಜ ಆದ್ರೆ ನಾನು ಮಾತ್ರೆ ನಿಲ್ಲಿಸಿ ದಿನಾ ಮಾರ್ಕೆಟ್ಟಿಗೆ ಹೋಗಿ ಬರ್ತೀನಿ."

ಪೂರ್ತಿ ಸುಳ್ಳಾಗಿದ್ದರೆ ಒಂದೇ ಮಾತಿನಲ್ಲಿ ಉತ್ತರ ಹೇಳಬಹುದಿತ್ತು. ತೊಂದರೆ ಏನೆಂದರೆ ಈ ಸಂದೇಶದಲ್ಲಿ ಅರ್ಧ ನಿಜ ಇದೆ, ಮತ್ತು ಆ ಅರ್ಧ ನಾವಂದುಕೊಂಡದ್ದಕ್ಕಿಂತ ಗಟ್ಟಿಯಾಗಿದೆ. "ಈಗಲೇ ಮಾತ್ರೆ ನಿಲ್ಲಿಸಬೇಡಿ ದೊಡ್ಡಮ್ಮ, ನಾನು ಬರ್ತೀನಿ, ಇಬ್ಬರೂ ಮಾರ್ಕೆಟ್ಟಿಗೆ ಹೋಗೋಣ" ಎಂದೆವು. ಹೋದೆವು, ಒಂದಲ್ಲ, ನಾಲ್ಕು ಬೆಳಗ್ಗೆ.

ಬಸ್ಸಿನಲ್ಲಿ, ಮಾರ್ಕೆಟ್ಟಿನಲ್ಲಿ

ಮೊದಲ ದಿನ ಸಿಟಿ ಬಸ್ಸು ತುಂಬಿತ್ತು. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಮಹಿಳೆಯರಿಗೆ ಶೂನ್ಯ ಟಿಕೆಟ್. ಮನೆಯಲ್ಲೇ ಇರುತ್ತಿದ್ದ ಎಷ್ಟೋ ಅಮ್ಮಂದಿರು, ಅಜ್ಜಿಯರು ಈಗ ಬಸ್ಸಿನಲ್ಲಿ ಕಾಣುತ್ತಾರೆ. ದೊಡ್ಡಮ್ಮನಿಗೆ ಯಾರೋ ಸೀಟು ಬಿಟ್ಟುಕೊಟ್ಟರು. ಕೂತ ಅರೆ ನಿಮಿಷಕ್ಕೆ ಪಕ್ಕದಲ್ಲಿ ನಿಂತಿದ್ದ ಕಾಲೇಜು ಹುಡುಗಿ, "ಅಜ್ಜಿ, ಸ್ವಲ್ಪ ಬ್ಯಾಗ್ ಇಟ್ಕೊಳ್ತೀರಾ?" ಎಂದು ಉತ್ತರಕ್ಕೂ ಕಾಯದೆ ಮಡಿಲಿಗೆ ಇಟ್ಟಳು. ಹಿಂದೆ ನಿಂತವರ ದುಡ್ಡು ನಾಲ್ಕು ಕೈ ದಾಟಿ ಕಂಡಕ್ಟರ್ ಹತ್ತಿರ ಹೋಗಿ, ಟಿಕೆಟ್ಟು ಚಿಲ್ಲರೆ ಅದೇ ನಾಲ್ಕು ಕೈ ದಾಟಿ ವಾಪಸ್ ಬಂತು. ಒಂದು ರೂಪಾಯಿಯೂ ಕಮ್ಮಿಯಾಗಲಿಲ್ಲ. ಇಳಿಯುವಾಗ ಹುಡುಗಿ "ಬರ್ತೀನಿ ಅಜ್ಜಿ" ಎಂದಳು. ಇನ್ನೆಂದೂ ಸಿಗದವರಿಗೂ 'ಬರ್ತೀನಿ' ಅನ್ನುವುದು ನಮ್ಮಲ್ಲಿ ಮಾತ್ರವೇನೋ. "ಎಷ್ಟು ಭಾರ ಇತ್ತು ಗೊತ್ತಾ ಆ ಬ್ಯಾಗು! ಏನು ಓದ್ತಿದೆಯೋ ಏನೋ ಆ ಮಗು" ಎಂದು ದೊಡ್ಡಮ್ಮ ಮಾರ್ಕೆಟ್ ಬರುವವರೆಗೂ ಅದನ್ನೇ ಹೇಳುತ್ತಿದ್ದರು. ದೊಡ್ಡಪ್ಪ ಹೋದ ಮೇಲೆ ಅವರು ಬೇರೆಯವರ ಬಗ್ಗೆ ಅಷ್ಟು ಹೊತ್ತು ಮಾತಾಡಿದ್ದನ್ನು ನಾವು ಕೇಳಿರಲಿಲ್ಲ.

ದೇವರಾಜ ಮಾರುಕಟ್ಟೆಯನ್ನು ಫೋಟೋದಲ್ಲಿ ನೋಡದವರು ಕಮ್ಮಿ. ಗೋಪುರದಂತೆ ಒಟ್ಟಿದ ಕುಂಕುಮ, ಗೊನೆಗೊನೆ ನಂಜನಗೂಡು ರಸಬಾಳೆ, ಕಟ್ಟು ಕಟ್ಟಿದ ಚಿಗುರೆಲೆ. ಆದರೆ ಕ್ಯಾಮೆರಾ ಕೆಳಗಿಟ್ಟು ಹತ್ತು ನಿಮಿಷ ಒಂದೇ ಕಡೆ ನಿಂತರೆ ಬೇರೆಯದು ಕಾಣಿಸುತ್ತದೆ. ಸೊಪ್ಪಿನವನು ಕೊತ್ತಂಬರಿ ತೂಗಿದ ಮೇಲೆ ಎರಡು ಎಸಳು ಕರಿಬೇವು ಕೊಸರು ಹಾಕುತ್ತಾನೆ. ಮೂಟೆ ಹೊತ್ತವನು "ಸೈಡು ಸೈಡು" ಎಂದು ಕೂಗುತ್ತಾ ಬಂದು, ದಾರಿಗೆ ಅಡ್ಡ ಬಂದ ಮಗು ಕಂಡು ಅಷ್ಟು ಭಾರದಲ್ಲೂ ನಿಂತು, ಅದು ದಾಟಿದ ಮೇಲೆ ಮುಂದೆ ಹೋಗುತ್ತಾನೆ.

ಹೂವಿನ ಸಾಲಿಗೆ ಹೋಗಲು ದೊಡ್ಡಮ್ಮ ಹಿಂಜರಿದರು. ಇಪ್ಪತ್ತು ವರ್ಷದಿಂದ ಒಬ್ಬರ ಹತ್ತಿರವೇ ಮಲ್ಲಿಗೆ ಕೊಳ್ಳುತ್ತಿದ್ದವರು, ದೊಡ್ಡಪ್ಪ ಹೋದ ಮೇಲೆ ಆ ಕಡೆ ಕಾಲಿಟ್ಟಿರಲಿಲ್ಲ. ಯಾಕೆ ಎಂದು ನಮ್ಮ ಊರಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಹೂವಿನಮ್ಮ ದೂರದಿಂದಲೇ ನೋಡಿದರು. ಹಣೆ ನೋಡಿದರು, ಅರ್ಥವಾಯಿತು. ಏನೂ ಕೇಳಲಿಲ್ಲ. "ಯಾಕಮ್ಮಾ, ಮನೇಲಿ ದೇವರಿಗೆ ಹೂವು ಬೇಡ್ವಾ?" ಎಂದಷ್ಟೇ ಹೇಳಿ ಎರಡು ಮೊಳ ಅಳೆದು, ಮೇಲೊಂದು ಗೇಣು ಬಿಟ್ಟು ಕತ್ತರಿಸಿದರು. ದೊಡ್ಡಮ್ಮ ಮಾತಾಡಲಿಲ್ಲ. ಬಸ್ ಸ್ಟಾಪಿನವರೆಗೂ ಆ ಪೊಟ್ಟಣವನ್ನು ಚೀಲಕ್ಕೆ ಹಾಕದೆ ಕೈಯಲ್ಲೇ ಹಿಡಿದಿದ್ದರು.

ಆ ಹೂವಿನಮ್ಮನ ಹೆಸರು ಏನು ಎಂದು ಕೇಳಿದೆವು. ಗೊತ್ತಿಲ್ಲ ಎಂದರು. ಇಪ್ಪತ್ತು ವರ್ಷ, ಹೆಸರು ಗೊತ್ತಿಲ್ಲ!

ಹೆಸರಿಲ್ಲದ ನಂಟಿಗೆ ವಿಜ್ಞಾನ ಇಟ್ಟ ಹೆಸರು

ಸಮಾಜ ವಿಜ್ಞಾನಿಗಳು ಇಂಥ ನಂಟನ್ನು 'ವೀಕ್ ಟೈ' ಎನ್ನುತ್ತಾರೆ. ಅಂದರೆ ಸಡಿಲ ಸಂಬಂಧ. ಬಳಗದವರಲ್ಲ, ಗೆಳೆಯರಲ್ಲ, ಪೂರ್ತಿ ಅಪರಿಚಿತರೂ ಅಲ್ಲ. 1973ರಲ್ಲಿ ಅಮೆರಿಕದ ಮಾರ್ಕ್ ಗ್ರಾನೊವೆಟ್ಟರ್ ಬರೆದ ಪ್ರಬಂಧದಿಂದ ಈ ಮಾತು ಪ್ರಸಿದ್ಧವಾಯಿತು. ಹೊಸ ಕೆಲಸದ ಸುದ್ದಿ ಆಪ್ತರಿಗಿಂತ ಹೆಚ್ಚಾಗಿ ಇಂಥ ಸಡಿಲ ಪರಿಚಯದವರಿಂದಲೇ ತಲುಪುತ್ತದೆ ಎಂಬುದು ಅವರ ವಾದವಾಗಿತ್ತು. ಖುಷಿಯ ಲೆಕ್ಕ ಅವರು ಹಾಕಲಿಲ್ಲ.

ಆ ಲೆಕ್ಕ ಹಾಕಿದವರು ಜಿಲಿಯನ್ ಸ್ಯಾಂಡ್‌ಸ್ಟ್ರಾಮ್ ಮತ್ತು ಎಲಿಜಬೆತ್ ಡನ್. ಕೆನಡಾದಲ್ಲಿ ಅವರು ಮಾಡಿದ, 2014ರಲ್ಲಿ ಪ್ರಕಟವಾದ ಪ್ರಯೋಗ ಬಹಳ ಸರಳ. ಸ್ಟಾರ್‌ಬಕ್ಸ್ ಕಾಫಿ ಅಂಗಡಿಗೆ ಹೋಗುವವರಲ್ಲಿ ಅರ್ಧ ಜನಕ್ಕೆ, ಕೌಂಟರಿನಲ್ಲಿ ಇರುವವರ ಮುಖ ನೋಡಿ, ನಕ್ಕು, ಎರಡು ಮಾತಾಡಿ ಬನ್ನಿ ಎಂದರು. ಇನ್ನರ್ಧಕ್ಕೆ, ದುಡ್ಡು ಕೈಯಲ್ಲೇ ಹಿಡಿದು ಆದಷ್ಟು ಬೇಗ ಕೆಲಸ ಮುಗಿಸಿ ಬನ್ನಿ ಎಂದರು. ಮಾತಾಡಿ ಬಂದವರ ಮನಸ್ಸು ಹೆಚ್ಚು ಗೆಲುವಾಗಿತ್ತು, ಇಲ್ಲಿ ನಾನೂ ಒಬ್ಬ ಎಂಬ ಭಾವ ಹೆಚ್ಚಾಗಿತ್ತು. ಸ್ಯಾಂಡ್‌ಸ್ಟ್ರಾಮ್ ಅವರಿಗೆ ಈ ಯೋಚನೆ ಬಂದದ್ದು ಓದುವ ದಿನಗಳಲ್ಲಿ ದಿನವೂ ಹಾದುಹೋಗುತ್ತಿದ್ದ ತಿಂಡಿ ಗಾಡಿಯೊಂದರಿಂದ. ಹಾಟ್ ಡಾಗ್ ಮಾರುತ್ತಿದ್ದ ಆ ಹೆಂಗಸಿಗೆ ಇವರು ಕೈ ಬೀಸಿ ನಗುವುದು, ಅವರೂ ನಗುವುದು, ಅಷ್ಟೇ. ಆಕೆ ಕಾಣದ ದಿನ ಏನೋ ಕಳೆದುಕೊಂಡ ಹಾಗಾಗುತ್ತಿತ್ತು ಎಂದು ಅವರೇ ಹೇಳಿಕೊಂಡಿದ್ದಾರೆ. ನಮ್ಮ ದೊಡ್ಡಮ್ಮನ ಹೂವಿನಮ್ಮ ಇದ್ದ ಹಾಗೆ.

"ಇದೆಲ್ಲ ಫಾರಿನ್‌ನವರ ಕಥೆ" ಎನ್ನಬಹುದು. ಆ ಅನುಮಾನ ಸರಿಯಾದದ್ದೇ. ಮನಶ್ಶಾಸ್ತ್ರದ ಹೆಚ್ಚಿನ ಪ್ರಯೋಗಗಳು ಪಶ್ಚಿಮದ, ಓದಿದ, ಅನುಕೂಲವಂತ ಜನರ ಮೇಲೆಯೇ ನಡೆದಿವೆ, ಅದನ್ನು ಇಡೀ ಮನುಷ್ಯಕುಲಕ್ಕೆ ಅನ್ವಯಿಸುವುದು ತಪ್ಪು ಎಂದು 2010ರಲ್ಲಿ ಜೋಸೆಫ್ ಹೆನ್ರಿಕ್ ಮತ್ತು ಸಂಗಡಿಗರು ಬರೆದ ಲೇಖನ ದೊಡ್ಡ ಚರ್ಚೆಯನ್ನೇ ಎಬ್ಬಿಸಿತು. ಆದರೆ ನಮಗೆ ಸ್ವಲ್ಪ ಹತ್ತಿರದ ಸಮಾಜವಾದ ಟರ್ಕಿಯಲ್ಲೂ ಇಂಥ ಅಧ್ಯಯನ ನಡೆದಿದೆ. ಅಂಕಾರಾ ನಗರದಲ್ಲಿ ಕ್ಯಾಂಪಸ್ ಬಸ್ಸು ಹತ್ತುವವರಲ್ಲಿ, ಚಾಲಕರಿಗೆ ನಮಸ್ಕಾರ ಹೇಳಿದ ಅಥವಾ ಒಳ್ಳೆಯದಾಗಲಿ ಎಂದು ಹಾರೈಸಿ ಇಳಿದ ಪ್ರಯಾಣಿಕರು ಸುಮ್ಮನೆ ಇಳಿದವರಿಗಿಂತ ಖುಷಿಯಾಗಿದ್ದರು. ಕಾಫಿ ಕುಡಿಯುವಷ್ಟು ಹೊತ್ತೂ ಬೇಡ. ಇಳಿಯುವಾಗ ಆಡುವ ಒಂದು ಮಾತು.

ಕನ್ನಡದಲ್ಲಿ ನಾವು ಥ್ಯಾಂಕ್ಸ್ ಹೇಳುವುದು ಕಮ್ಮಿ. ಹೇಳಿದರೆ ಹತ್ತಿರದವರು ಬೇಜಾರೂ ಮಾಡಿಕೊಳ್ಳುತ್ತಾರೆ. ಆ ಜಾಗದಲ್ಲಿ ನಮ್ಮದು "ತಿಂಡಿ ಆಯ್ತಾ?", "ಊಟ ಆಯ್ತಾ?". ಕೇಳಿದವರಿಗೆ ನೀವು ಇಡ್ಲಿ ತಿಂದಿರೋ ಉಪ್ಪಿಟ್ಟು ತಿಂದಿರೋ ಬೇಕಾಗಿಲ್ಲ. ಸಂವಹನ ಶಾಸ್ತ್ರ ಓದುವಾಗ ನಮಗೆ ಮೊದಲ ವರ್ಷವೇ ಕಲಿಸಿದ ಪಾಠ ಇದು: ಸುದ್ದಿ ತಿಳಿಸಲು ಅಲ್ಲದೆ, ನಂಟು ಕಡಿಯದಿರಲಿ ಎಂದೇ ಆಡುವ ಮಾತುಗಳಿವೆ. 1923ರಲ್ಲಿ ಮಾನವಶಾಸ್ತ್ರಜ್ಞ ಮಲಿನೋವ್‌ಸ್ಕಿ ಇದನ್ನು 'ಫ್ಯಾಟಿಕ್ ಕಮ್ಯೂನಿಯನ್' ಎಂದು ಕರೆದರು. ಅಂದು ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆವು. ಅರ್ಥವಾದದ್ದು "ಮನೇಲಿ ದೇವರಿಗೆ ಹೂವು ಬೇಡ್ವಾ" ಕೇಳಿದಾಗ.

ಅದೇ ಬೋಗಿ, ಅದೇ ಮುಖಗಳು

ಮೈಸೂರಿನಲ್ಲಿ ಈ ವಿಷಯ ನೋಡಲು ಮಾರ್ಕೆಟ್ಟಿಗಿಂತ ಒಳ್ಳೆಯ ಜಾಗ ಬೆಳಗಿನ ರೈಲು. ಬೆಂಗಳೂರು 138 ಕಿಲೋಮೀಟರ್. ಚಾಮುಂಡಿ ಎಕ್ಸ್‌ಪ್ರೆಸ್‌ನಂಥ ರೈಲುಗಳಲ್ಲಿ ಕೆಲಸಕ್ಕಾಗಿ ದಿನವೂ ಹೋಗಿ ಬರುವವರು ವರ್ಷಗಟ್ಟಲೆ ಅದೇ ಬೋಗಿ, ಅದೇ ಸೀಟು ಹಿಡಿಯುತ್ತಾರೆ. ಆಯುಧಪೂಜೆಯ ಹೊತ್ತಿಗೆ ಈ ಪ್ರಯಾಣಿಕರೇ ಸೇರಿ ಬೋಗಿಗೆ ಬಾಳೆಕಂದು, ಮಾವಿನ ಸೊಪ್ಪು, ಹೂವು ಕಟ್ಟಿ, ರೈಲಿಗೆ ಪೂಜೆ ಮಾಡಿ ಸಿಹಿ ಹಂಚುವುದು ಹಳೆಯ ರೂಢಿ. ಅವರಲ್ಲಿ ಎಷ್ಟೋ ಜನರಿಗೆ ಪಕ್ಕದವರ ಮನೆ ಎಲ್ಲಿದೆ ಎಂದು ಗೊತ್ತಿರುವುದಿಲ್ಲ. ಮದ್ದೂರು ದಾಟುವಷ್ಟರಲ್ಲಿ ನಿದ್ದೆ ಹೋಗುವವರು ಯಾರು, ಕೆಂಗೇರಿ ಬಂದಾಗ ಅವರನ್ನು ಎಬ್ಬಿಸಬೇಕಾದವರು ಯಾರು ಎಂಬುದು ಗೊತ್ತಿರುತ್ತದೆ.

ಇಂಥವರನ್ನು ಮನಶ್ಶಾಸ್ತ್ರಜ್ಞ ಸ್ಟ್ಯಾನ್ಲಿ ಮಿಲ್‌ಗ್ರಾಮ್ 1972ರಲ್ಲಿ 'ಫೆಮಿಲಿಯರ್ ಸ್ಟ್ರೇಂಜರ್' ಎಂದು ಕರೆದರು, ಪರಿಚಿತ ಅಪರಿಚಿತ. ಅವರ ವಿದ್ಯಾರ್ಥಿಗಳು ರೈಲು ನಿಲ್ದಾಣದಲ್ಲಿ ಕಾಯುತ್ತಿದ್ದವರ ಫೋಟೋ ತೆಗೆದು, ಆಮೇಲೆ ಅದೇ ಪ್ರಯಾಣಿಕರಿಗೆ ಹಂಚಿ, ಇದರಲ್ಲಿ ಯಾರ್‍ಯಾರ ಮುಖ ಗೊತ್ತು ಎಂದು ಕೇಳಿದರು. ಹತ್ತರಲ್ಲಿ ಒಂಬತ್ತು ಜನ, ಎಂದೂ ಮಾತಾಡಿಸದ ಆದರೆ ಮುಖ ಗೊತ್ತಿರುವ ಒಬ್ಬರನ್ನಾದರೂ ಗುರುತಿಸಿದರು. ಅವರು ಏನು ಕೆಲಸ ಮಾಡುತ್ತಾರೋ ಎಂದು ಮನಸ್ಸಿನಲ್ಲೇ ಕಥೆ ಕಟ್ಟಿಕೊಂಡವರೂ ಇದ್ದರು. ಮಿಲ್‌ಗ್ರಾಮ್ ಒಂದು ಘಟನೆ ಬರೆಯುತ್ತಾರೆ: ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಒಬ್ಬ ಹೆಂಗಸು ಬೀದಿಯಲ್ಲಿ ಕುಸಿದು ಬಿದ್ದಾಗ, ವರ್ಷಗಟ್ಟಲೆ ಅವರನ್ನು ನೋಡಿದ್ದರೂ ಒಮ್ಮೆಯೂ ಮಾತಾಡಿಸದ ಇನ್ನೊಬ್ಬ ಹೆಂಗಸು ಮುಂದೆ ಬಂದು ಆಸ್ಪತ್ರೆಗೂ ಜೊತೆಗೆ ಹೋದರು. ತನ್ನದೇ ಹೊಣೆ ಅನ್ನಿಸಿತಂತೆ.

2014ರಲ್ಲಿ ನಿಕೋಲಸ್ ಎಪ್ಲಿ ಮತ್ತು ಜೂಲಿಯಾನಾ ಶ್ರೋಡರ್ ಷಿಕಾಗೋದ ರೈಲು ಪ್ರಯಾಣಿಕರ ಮೇಲೆ ಪ್ರಯೋಗ ಮಾಡಿದರು. ಕೆಲವರಿಗೆ ಪಕ್ಕದ ಅಪರಿಚಿತರನ್ನು ಮಾತಾಡಿಸಿ ಎಂದರು, ಕೆಲವರಿಗೆ ಸುಮ್ಮನೆ ಒಬ್ಬರೇ ಕೂತಿರಿ ಎಂದರು, ಉಳಿದವರಿಗೆ ದಿನವೂ ಇರುವ ಹಾಗೆ ಇರಿ ಎಂದರು. ಪ್ರಯಾಣ ಯಾರಿಗೆ ಚೆನ್ನಾಗಿರುತ್ತದೆ ಎಂದು ಮೊದಲೇ ಊಹಿಸಿ ಎಂದಾಗ ಜನ ಒಂಟಿಯಾಗಿ ಕೂತವರಿಗೆ ಎಂದಿದ್ದರು. ಆದದ್ದು ಉಲ್ಟಾ. ಮಾತಾಡಿದವರಿಗೇ ಪ್ರಯಾಣ ಹೆಚ್ಚು ಹಿತವಾಗಿತ್ತು. ನಮ್ಮ ಊಹೆ ತಪ್ಪುವುದೇ ಇಲ್ಲಿನ ಮುಖ್ಯ ಸಂಗತಿ. ಎದುರಿನವರಿಗೆ ಮಾತು ಬೇಡವೇನೋ ಎಂದು ಇಬ್ಬರೂ ಅಂದುಕೊಂಡು ಇಬ್ಬರೂ ಸುಮ್ಮನಿರುತ್ತಾರೆ.

ಆದರೆ ಷಿಕಾಗೋದ ಪ್ರಯೋಗದಲ್ಲಿ ಇಲ್ಲದ ಒಂದು ವಿಷಯ ನಮ್ಮಲ್ಲಿದೆ. ನಮ್ಮ ಕಡೆ ಅಪರಿಚಿತರ ಮಾತು "ಯಾವೂರು?" ಎಂದು ಶುರುವಾಗಿ, ಮೂರನೇ ಪ್ರಶ್ನೆಗೆಲ್ಲ "ಯಾವ ಜನ ನೀವು?" ಎಂಬಲ್ಲಿಗೆ ಬಂದು ನಿಲ್ಲುವುದುಂಟು. ಉತ್ತರ ಕೇಳಿದ ಮೇಲೆ ಎದುರಿನವರ ಮುಖ ಬದಲಾಗುವುದನ್ನು ನೋಡಿದವರಿಗೆ, ಯಾರೂ ಮಾತಾಡಿಸದ ಸೀಟೇ ನೆಮ್ಮದಿ. ತುಂಬಿದ ಬಸ್ಸಿನಲ್ಲಿ ಹೆಣ್ಣುಮಕ್ಕಳು ಬ್ಯಾಗನ್ನು ಎದೆಗೆ ಅವಚಿ ನಿಲ್ಲುವುದೂ ಸುಮ್ಮನೆ ಅಲ್ಲ. 'ಎಲ್ಲರನ್ನೂ ನೋಡಿ ನಗಿ' ಎಂದು ಫಾರ್ವರ್ಡ್ ಬರೆದವರು ಇಂಥವರನ್ನು ನೆನೆದು ಬರೆದಿರಲಾರರು.

ಸುಮ್ಮನೆ ನೋಡಿದರೂ ಸಾಕಾ?

ದೊಡ್ಡಮ್ಮ ಮಾತುಗಾರರಲ್ಲ. ಎರಡನೇ ದಿನ ಕುಕ್ಕರಹಳ್ಳಿ ಕೆರೆ ಏರಿಯ ಬೆಂಚಿನ ಮೇಲೆ ಕೂತು ಒಂದು ಗಂಟೆ ಜನರನ್ನು ನೋಡಿದರು, ಅಷ್ಟೇ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಈ ಕೆರೆಯ ಏರಿ ಕುವೆಂಪು ಅವರು ತಿರುಗಾಡುತ್ತಿದ್ದ ಜಾಗ. ಆರ್.ಕೆ. ನಾರಾಯಣ್ ಕೂಡ ಈ ಊರಿನ ಬೀದಿಗಳಲ್ಲಿ ದಿನವೂ ನಡೆದು, ಕಂಡಕಂಡವರ ಹತ್ತಿರ ನಿಂತು ಮಾತಾಡಿ ಮನೆಗೆ ಹೋಗಿ ಬರೆಯುತ್ತಿದ್ದವರು. ಯಾದವಗಿರಿಯ ಅವರ ಮನೆ ಈಗ ಮ್ಯೂಸಿಯಂ. ನೋಡುವುದೂ ಒಂದು ಕಸುಬು ಎಂದುಕೊಂಡಿದ್ದ ಊರು ನಮ್ಮದು.

ಕೆರೆ ಏರಿಯ ಮೇಲೆ ನಡೆದದ್ದು ಹೇಳುವಷ್ಟು ದೊಡ್ಡದೇನಲ್ಲ. ಕೋಲು ಹಿಡಿದು ನಡೆಯುತ್ತಿದ್ದ ತಾತನ ಚಪ್ಪಲಿ ಕಳಚಿತು. ಓಡುತ್ತಾ ಬರುತ್ತಿದ್ದ ಹುಡುಗನೊಬ್ಬ ನಿಂತು, ಬಗ್ಗಿ, ಚಪ್ಪಲಿಯನ್ನು ತಾತನ ಕಾಲಿಗೆ ಸಿಕ್ಕಿಸಿ, ಕಿವಿಯ ಇಯರ್‌ಫೋನ್ ಕೂಡ ತೆಗೆಯದೆ ಮತ್ತೆ ಓಡಿದ. ತಾತ ಏನೋ ಹೇಳುವಷ್ಟರಲ್ಲಿ ಅವನು ದೂರ ಹೋಗಿದ್ದ. ತಾತ ನಮ್ಮ ಕಡೆ ನೋಡಿ ನಕ್ಕರು, ದೊಡ್ಡಮ್ಮನೂ ನಕ್ಕರು.

ಬೇರೆಯವರ ಒಳ್ಳೆಯತನ ನೋಡಿದಾಗ ಎದೆ ಬೆಚ್ಚಗಾಗುವ, ಕಣ್ಣು ತುಂಬಿ ಬರುವ ಈ ಭಾವಕ್ಕೆ ಮನಶ್ಶಾಸ್ತ್ರಜ್ಞ ಜೊನಾಥನ್ ಹೈಟ್ 'ಎಲಿವೇಷನ್' ಎಂಬ ಹೆಸರು ಬಳಸಿದ್ದಾರೆ. ಅದನ್ನು ಅನುಭವಿಸಿದವರಿಗೆ ತಾವೂ ಯಾರಿಗಾದರೂ ಏನಾದರೂ ಮಾಡಬೇಕು ಅನ್ನಿಸುತ್ತದೆ ಎನ್ನುವುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಹಾಗಾಗಿ ನೋಡುವವರಿಗೂ ಪಾಲು ಸಿಗುತ್ತದೆ.

ವಾಟ್ಸಾಪಿನಲ್ಲಿ ಬರುವ 'ಮನ ಕಲಕುವ' ವಿಡಿಯೋಗಳು ಬಂಡವಾಳ ಮಾಡಿಕೊಂಡಿರುವುದೂ ಇದೇ ಭಾವವನ್ನು. ಭಿಕ್ಷುಕನಿಗೆ ಊಟ ಕೊಡುವ ಹುಡುಗಿ, ಅಜ್ಜಿಯ ಎಲ್ಲ ಸೊಪ್ಪನ್ನೂ ಒಬ್ಬನೇ ಕೊಳ್ಳುವ ಯುವಕ. ಇವುಗಳಲ್ಲಿ ಬಹಳಷ್ಟು ನಟರನ್ನು ಇಟ್ಟುಕೊಂಡು ತೆಗೆದವು. ಸಿಸಿಟಿವಿ ಎನ್ನುತ್ತಾರೆ, ಆದರೆ ದೃಶ್ಯ ಎರಡು ಮೂರು ಕೋನದಿಂದ ಬರುತ್ತದೆ, ಮಾತು ಸ್ಪಷ್ಟವಾಗಿ ಕೇಳುತ್ತದೆ, ಎಲ್ಲರೂ ಸರಿಯಾಗಿ ಫ್ರೇಮಿನ ನಡುವೆ ನಿಲ್ಲುತ್ತಾರೆ. ಇದು ಕಾಲ್ಪನಿಕ ಎಂಬ ಸಾಲು ಕಡೆಯಲ್ಲಿ ಒಂದು ಕ್ಷಣ ಮಿಂಚಿ ಮಾಯವಾಗುತ್ತದೆ, ಫಾರ್ವರ್ಡ್ ಆಗುವ ತುಣುಕಿನಲ್ಲಿ ಅದೂ ಕತ್ತರಿಯಾಗಿರುತ್ತದೆ. ನೋಡಿ ಕಣ್ಣೀರು ಬಂದರೆ ನಿಮ್ಮ ತಪ್ಪಲ್ಲ. 'ನಿಜ ಘಟನೆ' ಎಂದು ಸೇರಿಸಿ ಕಳಿಸುವ ಮೊದಲು ಒಮ್ಮೆ ಕಡೆಯವರೆಗೂ ನೋಡಿ.

ಅಪರಿಚಿತರನ್ನು ಕಂಡರೆ ಹೆದರುವ ಹಾಗೆ ಮಾಡಿದ್ದು ಯಾರು?

ಇದನ್ನು ಬರೆಯದೆ ಈ ಲೇಖನ ಮುಗಿಸಿದರೆ ಅಪ್ರಾಮಾಣಿಕವಾಗುತ್ತದೆ. 2018ರ ಜುಲೈ 13ರಂದು ಹೈದರಾಬಾದಿನ ಕಡೆಯಿಂದ ಬಂದಿದ್ದ ಗೆಳೆಯರ ಗುಂಪೊಂದು ಬೀದರ್ ಜಿಲ್ಲೆಯಲ್ಲಿ ದಾರಿಯಲ್ಲಿ ಕಾರು ನಿಲ್ಲಿಸಿ ಶಾಲೆ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿತು. ಮಕ್ಕಳ ಕಳ್ಳರು ಎಂಬ ಗುಮಾನಿ ಹಬ್ಬಿತು, ಅವರ ವಿಡಿಯೋ ವಾಟ್ಸಾಪ್ ಗ್ರೂಪಿಗೆ ಹೋಯಿತು. ಮುಂದಿನ ಊರಾದ ಮುರ್ಕಿಯಲ್ಲಿ ಜನ ರಸ್ತೆಗೆ ಅಡ್ಡ ಹಾಕಿ ಕಾಯುತ್ತಿದ್ದರು. ಒಬ್ಬ ಯುವಕ ಸತ್ತ. ಉಳಿದವರನ್ನು ಉಳಿಸಲು ಹೋದ ಪೊಲೀಸರಿಗೂ ಗಾಯವಾಯಿತು. ಅದೇ ವರ್ಷ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಕೆಲಸ ಹುಡುಕಿ ಬಂದಿದ್ದ ರಾಜಸ್ಥಾನದ ಯುವಕನೊಬ್ಬನನ್ನು ಇಂಥದೇ ಗುಮಾನಿಯಿಂದ ಹೊಡೆದು ಕೊಂದಿದ್ದರು.

ಆಗ ದೇಶವೆಲ್ಲ ಹರಿದಾಡುತ್ತಿದ್ದ ಒಂದು ವಿಡಿಯೋದಲ್ಲಿ ಬೈಕಿನವರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುವುದು ಕಾಣುತ್ತಿತ್ತು. ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಜಾಗೃತಿಗೆಂದು ಮಾಡಿದ ಚಿತ್ರ. ಅದೇ ಬೈಕಿನವರು ಮಗುವನ್ನು ವಾಪಸ್ ತಂದು ಬಿಟ್ಟು, ಎಚ್ಚರಿಕೆಯ ಫಲಕ ತೋರಿಸುವ ಕಡೆಯ ಭಾಗವನ್ನು ಯಾರೋ ಕತ್ತರಿಸಿದ್ದರು. ಆ ಜುಲೈನಲ್ಲೇ ವಾಟ್ಸಾಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಚಾಟ್‌ಗಳಿಗೆ ಮಾತ್ರ ಕಳಿಸಬಹುದು ಎಂಬ ಮಿತಿ ಹಾಕಿತು. ನಿಮ್ಮ ಫೋನಿನಲ್ಲಿ ಇಂದಿಗೂ ಇರುವ ಆ ಮಿತಿಯ ಹಿಂದಿನ ಕಥೆ ಇದು. ಗುಲಾಬಿ ಹೂವಿನ ಸಂದೇಶವೂ ಮಕ್ಕಳ ಕಳ್ಳರ ಸಂದೇಶವೂ ಬರುವುದು ಒಂದೇ ಗ್ರೂಪಿಗೆ, ಎಷ್ಟೋ ಸಲ ಒಂದೇ ನಂಬರಿನಿಂದ.

ಫೋನು ಇನ್ನೊಂದು ರೀತಿಯಲ್ಲೂ ಅಡ್ಡ ಬರುತ್ತದೆ. 2019ರಲ್ಲಿ ಕೋಸ್ಟಾದಿನ್ ಕುಶ್ಲೆವ್ ಮತ್ತು ಸಂಗಡಿಗರು, ಅಪರಿಚಿತರಿಬ್ಬರನ್ನು ಒಂದು ಕೋಣೆಯಲ್ಲಿ ಕಾಯಲು ಕೂರಿಸಿದಾಗ, ಫೋನು ಇದ್ದ ಜೋಡಿಗಳು ಫೋನು ಇಲ್ಲದ ಜೋಡಿಗಳಿಗಿಂತ ಕಡಿಮೆ ನಗುತ್ತವೆ ಎಂದು ತೋರಿಸಿದರು. ಮಾರ್ಕೆಟ್ಟಿನಲ್ಲಿ ನಾವು ಕಂಡದ್ದೂ ಇದಕ್ಕೆ ಹತ್ತಿರ. ಸ್ಕ್ಯಾನ್ ಮಾಡುತ್ತೇವೆ, ದುಡ್ಡು ಬಂತು ಎಂದು ಡಬ್ಬಿ ಕೂಗುತ್ತದೆ, ಮುಖ ನೋಡುವ ಕೆಲಸವೇ ಇಲ್ಲ. ಮೊದಲು ಎರಡು ರೂಪಾಯಿ ಚಿಲ್ಲರೆಗೆ ಜಗಳವೋ ನಗುವೋ ಏನೋ ಒಂದು ಆಗುತ್ತಿತ್ತು. ಯುಪಿಐ ಬಿಡಿ ಎಂದು ನಾವು ಹೇಳುತ್ತಿಲ್ಲ, ನಾವೂ ಬಿಟ್ಟಿಲ್ಲ.

ಸರಿ, ಫಾರ್ವರ್ಡಿನ ಲೆಕ್ಕ ಏನಾಯಿತು?

17 ಮತ್ತು 43 ಸ್ನಾಯುಗಳ ಮಾತಿಗೆ ಆಧಾರವಿಲ್ಲ. ಒಂದೊಂದು ಫಾರ್ವರ್ಡಿನಲ್ಲಿ ಒಂದೊಂದು ಸಂಖ್ಯೆ ಇರುವುದನ್ನು ನೀವೇ ನೋಡಿರಬಹುದು. ಸುಮ್ಮನೆ ನಕ್ಕರೂ ಖುಷಿ ಬರುತ್ತದೆಯೇ ಎಂಬುದು ಸ್ವಲ್ಪ ತಮಾಷೆಯ ಕಥೆ. ಹಲ್ಲಿನ ನಡುವೆ ಪೆನ್ನು ಕಚ್ಚಿಸಿ, ಅಂದರೆ ಮುಖವನ್ನು ನಗುವಿನ ಆಕಾರಕ್ಕೆ ತಂದು ಕಾರ್ಟೂನ್ ತೋರಿಸಿದರೆ ಅದು ಹೆಚ್ಚು ತಮಾಷೆಯಾಗಿ ಕಾಣುತ್ತದೆ ಎಂದು 1988ರಲ್ಲಿ ಜರ್ಮನಿಯ ಫ್ರಿಟ್ಸ್ ಸ್ಟ್ರಾಕ್ ತಂಡ ಹೇಳಿತು. 2016ರಲ್ಲಿ 17 ಪ್ರಯೋಗಾಲಯಗಳು ಅದನ್ನೇ ಮಾಡಿ ನೋಡಿದಾಗ ಆ ಫಲ ಸಿಗಲಿಲ್ಲ. 2022ರಲ್ಲಿ 19 ದೇಶಗಳ 3,878 ಜನರ ಮೇಲೆ ನಡೆದ ದೊಡ್ಡ ಅಧ್ಯಯನದಲ್ಲಿ, ಬೇಕೆಂದೇ ನಕ್ಕಾಗ ಖುಷಿ ತುಸು ಹೆಚ್ಚುವುದು ಕಂಡಿತು. ಪೆನ್ನಿನ ಉಪಾಯದ ಫಲ ಮಾತ್ರ ಖಚಿತವಾಗಲಿಲ್ಲ. ಹೆಚ್ಚುವುದು ತುಸುವೇ.

ಡೋಪಮೈನ್ ಎಂದರೆ ಖುಷಿಯ ಹಾರ್ಮೋನ್ ಎಂದು ಫಾರ್ವರ್ಡ್‌ಗಳು ಬರೆಯುತ್ತವೆ. ಮೆದುಳಿನಲ್ಲಿ ಅದರ ಕೆಲಸ ಅಷ್ಟು ಸರಳವಲ್ಲ. 'ಬೇಕು' ಎಂಬ ಸೆಳೆತ, ಕಲಿಕೆ, ಚಲನೆ ಎಲ್ಲದರಲ್ಲೂ ಅದರ ಪಾತ್ರವಿದೆ. ಡೋಪಮೈನ್ ನರಕೋಶಗಳು ಎಣಿಸದೆ ಬಂದ ಬಹುಮಾನಕ್ಕೆ ಜೋರಾಗಿ, ಮೊದಲೇ ಗೊತ್ತಿದ್ದ ಬಹುಮಾನಕ್ಕೆ ಅಷ್ಟಾಗಿ ಅಲ್ಲದೆ ಸ್ಪಂದಿಸುತ್ತವೆ ಎಂದು ವುಲ್ಫ್ರಾಮ್ ಶುಲ್ಟ್ಸ್ ಕೋತಿಗಳ ಮೇಲಿನ ಪ್ರಯೋಗಗಳಲ್ಲಿ ತೋರಿಸಿದರು. ಇದನ್ನು ಹಿಡಿದುಕೊಂಡು 'ಐದು ನಗುವಿಗೆ ಇಷ್ಟು ಡೋಪಮೈನ್' ಎಂದು ಲೆಕ್ಕ ಹಾಕಲು ಬರುವುದಿಲ್ಲ.

15 ಸಿಗರೇಟಿನ ಮಾತಿಗೆ ಮೂಲವಿದೆ. ಜೂಲಿಯಾನ್ ಹೋಲ್ಟ್-ಲುನ್‌ಸ್ಟಾಡ್ ಮತ್ತು ಸಂಗಡಿಗರು 2010ರಲ್ಲಿ 148 ಅಧ್ಯಯನಗಳನ್ನು, 3 ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟು ಮಾಡಿ ನೋಡಿದರು. ಸಾಮಾಜಿಕ ಸಂಬಂಧ ಗಟ್ಟಿಯಾಗಿರುವವರು ಬದುಕಿ ಉಳಿಯುವ ಸಾಧ್ಯತೆ ಸುಮಾರು ಶೇ 50ರಷ್ಟು ಹೆಚ್ಚಿತ್ತು. ಆ ವ್ಯತ್ಯಾಸದ ಗಾತ್ರವನ್ನು ಧೂಮಪಾನದ ಜೊತೆ ಹೋಲಿಸಿದ್ದೇ ಈ 15 ಸಿಗರೇಟು. 2023ರಲ್ಲಿ ಅಮೆರಿಕದ ಸರ್ಜನ್ ಜನರಲ್ ವಿವೇಕ್ ಮೂರ್ತಿ ಒಂಟಿತನದ ಬಗ್ಗೆ ಸರ್ಕಾರಿ ಎಚ್ಚರಿಕೆ ಹೊರಡಿಸಿದಾಗ ಈ ಹೋಲಿಕೆ ಜಗತ್ತಿಗೆಲ್ಲ ಹಬ್ಬಿತು. ಅವರ ಕುಟುಂಬದ ಮೂಲ ನಮ್ಮ ಪಕ್ಕದ ಮಂಡ್ಯ ಜಿಲ್ಲೆಯ ಹಲ್ಲೇಗೆರೆ. ಒಂಟಿತನಕ್ಕೂ ಜಗತ್ತಿನಲ್ಲಿ ವರ್ಷಕ್ಕೆ 8 ಲಕ್ಷ 71 ಸಾವಿರ ಸಾವುಗಳಿಗೂ ನಂಟಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2025ರ ಜೂನ್‌ನಲ್ಲಿ ಅಂದಾಜು ಮಾಡಿದೆ. ವಿಷಯ ಸಣ್ಣದಲ್ಲ.

ಆದರೆ 2010ರ ಆ ಅಧ್ಯಯನದಲ್ಲೇ ಇರುವ ಇನ್ನೊಂದು ಸಂಗತಿ ಫಾರ್ವರ್ಡಿನಲ್ಲಿ ಬರುವುದಿಲ್ಲ. ಮನೆಯಲ್ಲಿ ಒಬ್ಬರೇ ಇದ್ದಾರೋ ಇಲ್ಲವೋ ಎಂಬುದಷ್ಟನ್ನೇ ನೋಡಿದಾಗ ಸಂಬಂಧ ಎಲ್ಲಕ್ಕಿಂತ ದುರ್ಬಲವಾಗಿತ್ತು. ಮನೆಯವರು, ನೆರೆಹೊರೆ, ಗೆಳೆಯರು, ಗುಂಪುಗಳು ಹೀಗೆ ಹಲವು ಕಡೆ ಬೆರೆಯುತ್ತಾರೆಯೇ ಎಂದು ನೋಡಿದಾಗ ಎಲ್ಲಕ್ಕಿಂತ ಬಲವಾಗಿತ್ತು. ಒಬ್ಬರೇ ಇರುವ ಅಮ್ಮನಿಗೋ ಅಜ್ಜಿಗೋ 'ಒಂಟಿತನ 15 ಸಿಗರೇಟು' ಎಂದು ಕಳಿಸಿ ಹೆದರಿಸುವವರು ಇದನ್ನೂ ಓದಬೇಕಿತ್ತು.

ಕಡೆಯ ಸಾಲು ಮಾತ್ರ ಅಪಾಯಕಾರಿ. ಖಿನ್ನತೆ ಬೇಜಾರಿನ ದೊಡ್ಡಣ್ಣ ಅಲ್ಲ, ಅದೊಂದು ಕಾಯಿಲೆ. ಮೇಲೆ ಹೇಳಿದ ಕಾಫಿ, ಬಸ್ಸು, ರೈಲಿನ ಪ್ರಯೋಗಗಳು ಅಳೆದದ್ದು ಆ ಹೊತ್ತಿನ ಮನಸ್ಸಿನ ಗೆಲುವನ್ನು. ಖಿನ್ನತೆಗೆ ಚಿಕಿತ್ಸೆಯಾಗಿ ಅಪರಿಚಿತರ ನಗುವನ್ನು ಅವು ಪರೀಕ್ಷೆ ಮಾಡಿಲ್ಲ. ಖಿನ್ನತೆಯ ಮಾತ್ರೆಯನ್ನು ಇದ್ದಕ್ಕಿದ್ದಂತೆ ನಿಲ್ಲಿಸಿದರೆ ತಲೆಸುತ್ತು, ನಿದ್ದೆಗೇಡು, ಕಳವಳ, ಸಿಡಿಮಿಡಿ ಶುರುವಾಗಬಹುದು, ಕಾಯಿಲೆ ಮರುಕಳಿಸಬಹುದು. ನಿಲ್ಲಿಸುವುದಿದ್ದರೆ ಡಾಕ್ಟರ್ ಹೇಳಿದ ಹಾಗೆ ನಿಧಾನವಾಗಿ ಇಳಿಸಬೇಕು. ಡಾಕ್ಟರ್ ಹತ್ತಿರ ಹೋಗಲು ಹಿಂಜರಿಕೆ ಇದ್ದವರು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಬಹುದು. 2022ರ ಅಕ್ಟೋಬರ್‌ನಲ್ಲಿ ಶುರುವಾದ ಇದು ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೂ ಮಾತಾಡುತ್ತಾರೆ. ಫಾರ್ವರ್ಡ್ ಮಾಡಲೇಬೇಕಿದ್ದರೆ ಈ ನಂಬರನ್ನು ಮಾಡಿ.

ನಾಲ್ಕನೇ ದಿನ ನಾವು ದೊಡ್ಡಮ್ಮನ ಜೊತೆ ಡಾಕ್ಟರ್ ಹತ್ತಿರವೂ ಹೋಗಿದ್ದೆವು. ಮಾತ್ರೆ ಇನ್ನೂ ಕೆಲವು ತಿಂಗಳು ಬೇಕು ಎಂದರು. ಮಾರ್ಕೆಟ್ಟಿನ ಕಥೆ ಕೇಳಿ, "ಅದನ್ನೂ ನಿಲ್ಲಿಸಬೇಡಿ" ಎಂದು ನಕ್ಕು, ಅದೇ ಚೀಟಿಯ ಕೆಳಗೆ ವಾಕಿಂಗ್ ಎಂದು ಬರೆದರು. ಈಗ ದೊಡ್ಡಮ್ಮ ವಾರಕ್ಕೆ ಮೂರು ಸಲ ಬಸ್ಸು ಹತ್ತುತ್ತಾರೆ, ಮಾತ್ರೆ ಡಬ್ಬಿ ದೇವರ ಗೂಡಿನ ಪಕ್ಕದಲ್ಲೇ ಇದೆ. ಹೋದ ವಾರ ಅದೇ ಗುಲಾಬಿ ಹೂವಿನ ಚಿತ್ರ ಗ್ರೂಪಿಗೆ ಮತ್ತೆ ಬಂತು, ಅವರಿಂದಲೇ. ತೆರೆದು ನೋಡಿದೆವು. ಮಾತ್ರೆಯ ಸಾಲನ್ನು ಅಳಿಸಿದ್ದರು. 'ಹತ್ತು ಜನಕ್ಕೆ ಕಳಿಸಿ' ಮಾತ್ರ ಹಾಗೇ ಇತ್ತು. ಹೂವಿನಮ್ಮನ ಹೆಸರು ಕೇಳಿದಿರಾ ಎಂದರೆ, "ಅಯ್ಯೋ, ಇಷ್ಟು ವರ್ಷ ಆದ್ಮೇಲೆ ಹೆಂಗೆ ಕೇಳೋದು ಪುಟ್ಟಾ, ನಾಚಿಕೆ ಆಗಲ್ವಾ" ಎಂದರು.